ಬೆರಳು ತೋರದ ಚಿತ್ರಗಳು

2006ರ ಡಿಸೆಂಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರ ಕಣ್ಣಿಗೆ ಲೋಹಾಚರಾ ಬಿತ್ತು. ಹೂಗ್ಲಿ ನದಿ ಬಂಗಾಳ ಕೊಲ್ಲಿ ಸೇರುವ ಕಡೆ ಇದ್ದ ದ್ವೀಪ. ಜನವಸತಿ ಇದ್ದ ದ್ವೀಪವೊಂದು ಏರುವ ಕಡಲಿಗೆ ತುತ್ತಾದದ್ದು ಇದೇ ಮೊದಲು ಎಂದು ಆ ಪತ್ರಿಕೆ ಬರೆಯಿತು. ಉಳಿದವು ಅದನ್ನೇ ಎತ್ತಿ ಬರೆದವು. ಜಗತ್ತು ಹೌಹಾರಿತು. ಹೌಹಾರದೆ ಉಳಿದವರೆಂದರೆ ಲೋಹಾಚರಾದವರೇ. ಅವರ ಮನೆ, ಗದ್ದೆ, ದನದ ಕೊಟ್ಟಿಗೆ ನೀರಿಗೆ ಹೋಗಿ ವರ್ಷಗಳೇ ಕಳೆದಿದ್ದವು. ಪಕ್ಕದ ಸಾಗರ ದ್ವೀಪದ ಕಾಲೊನಿಗಳಲ್ಲಿ ಅವರು ಯಾರದೋ ಹೊಲದಲ್ಲಿ ಕೂಲಿ ಮಾಡುತ್ತ, ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿದ್ದರು. ಹೆಣ ಕೊಳೆತ ಮೇಲೆ ಪಂಚನಾಮೆಗೆ ಬಂದ ಪೊಲೀಸರ ಹಾಗೆ ನಾವು ಹೋದೆವು. ಪೊಲೀಸರಾದರೂ ಕೊಂದವರು ಯಾರೆಂದು ಒಂದು ಮಾತು ಕೇಳುತ್ತಾರೆ. ನಾವು ಫೋಟೊ ತೆಗೆದೆವು.

ಆ ಫೋಟೊಗಳ ಮೇಲೆ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ವಿಮರ್ಶೆಯ ನಯಗಾರಿಕೆಯಲ್ಲಿ ಬರೆಯುವುದು ನನ್ನಿಂದಾಗದ ಕೆಲಸ.

ಲೋಹಾಚರಾದ ಹಾಗೆಯೇ ಸುಪಾರಿಭಾಂಗಾ ಹೋಯಿತು, ಬೆಡ್‌ಫರ್ಡ್ ಹೋಯಿತು. ಈಗಿನ ಸರದಿ ಘೋಡಾಮಾರಾದ್ದು. ಕಾಕದ್ವೀಪದ ಹತ್ತಿರದ ಲಾಟ್ ನಂಬರ್ ಎಂಟು ಎಂಬ ದಕ್ಕೆಯಿಂದ ಅಲ್ಲಿಗೆ ದೋಣಿ ಹತ್ತಬೇಕು. ಹೆಸರು ನೋಡಿ: ಬ್ರಿಟಿಷರು ಸುಂದರಬನದ ಕಾಡನ್ನು ಲಾಟು ಲಾಟಾಗಿ ಹಂಚಿ ಕಡಿಸಿದ ಲೆಕ್ಕ ಇವತ್ತಿಗೂ ಊರಿನ ಹೆಸರಾಗಿ ಉಳಿದಿದೆ. ಅದೇ ದಕ್ಕೆಯಿಂದ ಪ್ರತಿ ಮಕರ ಸಂಕ್ರಾಂತಿಗೆ ಲಕ್ಷಾಂತರ ಯಾತ್ರಿಕರು ಗಂಗಾಸಾಗರಕ್ಕೆ ಹೊಳೆ ದಾಟುತ್ತಾರೆ. ನಮ್ಮ ಕಡೆಯವರೂ ಬಸ್ಸು ಮಾಡಿಕೊಂಡು ಹೋಗಿ, ಮುಳುಗೆದ್ದು, ಪುಣ್ಯ ಕಟ್ಟಿಕೊಂಡು ಬರುತ್ತಾರೆ. ಯಾತ್ರಿಕರ ಹಡಗು ಸಿಕ್ಕಿಕೊಳ್ಳಬಾರದೆಂದು ಮುಡಿಗಂಗಾ ಹೊಳೆಯ ಹೂಳು ತೆಗೆಸುತ್ತಾರೆ. ಅಲ್ಲಿಂದ ಚೂರು ಉತ್ತರಕ್ಕೆ, ಆ ಜನಜಾತ್ರೆಗೆ ಬೆನ್ನಾಗಿ, ಘೋಡಾಮಾರಾ ಕುಸಿಯುತ್ತಿದೆ. ಅರ್ಧ ಶತಮಾನದಲ್ಲಿ ಅರ್ಧ ದ್ವೀಪ ಹೋಗಿದೆ. ಉಳಿದಿರುವುದು 5 ಚದರ ಕಿಲೋಮೀಟರಿಗೂ ಕಡಿಮೆ. 2011ರ ಜನಗಣತಿಯಲ್ಲಿ 5,000ದ ಆಸುಪಾಸಿನಲ್ಲಿದ್ದ ಜನ, ಆಮೇಲೆ ಇನ್ನೂ ಕರಗಿದ್ದಾರೆ.

ಅಲ್ಲಿಯವರ ಬದುಕು ವೀಳ್ಯದೆಲೆಯ ಮೇಲೆ ನಿಂತಿದೆ. ನಮ್ಮಲ್ಲಿಯ ಹಾಗೆ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸುವ ಪದ್ಧತಿ ಅಲ್ಲ. ಬಿದಿರು ನೆಟ್ಟು, ಸೆಣಬಿನ ಕಡ್ಡಿಯ ತಡಿಕೆ ಕಟ್ಟಿ, ಮೇಲೆ ಹುಲ್ಲು ಹೊದಿಸಿ ತೋಟವನ್ನೇ ಒಂದು ಮನೆ ಮಾಡುತ್ತಾರೆ. ಬರೋಜ್ ಎನ್ನುತ್ತಾರೆ ಅದಕ್ಕೆ. ಬಗ್ಗಿ ಒಳಗೆ ಹೊಕ್ಕರೆ ಹೊರಗಿನ ಬಿಸಿಲು ಜರಡಿ ಹಿಡಿದ ಹಾಗೆ ಇಳಿಯುತ್ತದೆ, ನೆಲ ತಂಪಾಗಿರುತ್ತದೆ, ಸಾಲು ಸಾಲು ಬಳ್ಳಿ ಆಳೆತ್ತರಕ್ಕೆ ಏರಿರುತ್ತವೆ. ಬೆಳೆದ ಬಳ್ಳಿಯನ್ನು ಇಳಿಸಿ, ಬುಡಕ್ಕೆ ಸುತ್ತಿ, ಹೊಸ ಮಣ್ಣು ಕೊಟ್ಟು ಮತ್ತೆ ಏರಿಸಬೇಕು. ಕೂಸು ಸಾಕುವಷ್ಟು ಕೆಲಸ. ಒಮ್ಮೆ ಉಪ್ಪುನೀರು ಬುಡಕ್ಕೆ ನಿಂತಿತೋ, ಮುಗಿಯಿತು. ಎಲೆ ಹಳದಿಗೆ ತಿರುಗುತ್ತದೆ, ಬಳ್ಳಿ ಕೊಳೆಯುತ್ತದೆ, ಸಾಲ ಮಾಡಿ ಕಟ್ಟಿದ ಬಿದಿರಿನ ಚೌಕಟ್ಟು ಮಾತ್ರ ನಿಂತಿರುತ್ತದೆ. ಮಣ್ಣಿಗಿಳಿದ ಉಪ್ಪನ್ನು ಮಳೆ ತೊಳೆಯುವವರೆಗೆ ಆ ನೆಲದಲ್ಲಿ ಎಲೆಯೂ ಇಲ್ಲ, ಭತ್ತವೂ ಇಲ್ಲ. 2009ರಲ್ಲಿ ಐಲಾ ಬಂತು. 2019ರಲ್ಲಿ ಬುಲ್‌ಬುಲ್. 2020ರಲ್ಲಿ ಅಂಫಾನ್. 2021ರ ಮೇ 26ರಂದು ಯಾಸ್, ಅದೂ ಬುದ್ಧ ಪೂರ್ಣಿಮೆಯ ಉಬ್ಬರದ ಹೊತ್ತಿಗೆ ಸರಿಯಾಗಿ. ಇಡೀ ದ್ವೀಪವೇ ನೀರಲ್ಲಿ ನಿಂತಿತು. ಒಂದು ಚಂಡಮಾರುತದ ಸಾಲ ತೀರುವ ಮೊದಲೇ ಇನ್ನೊಂದು ಬಂದರೆ ರೈತ ಏನು ಮಾಡುತ್ತಾನೆ? ಕೇರಳದ ರೈಲು ಹತ್ತುತ್ತಾನೆ. ಬೆಂಗಳೂರಿನ ರೈಲು ಹತ್ತುತ್ತಾನೆ. ಹೆಂಗಸರು ಸೊಂಟದ ಮಟ್ಟ ನೀರಿನಲ್ಲಿ ಬಲೆ ಎಳೆಯುತ್ತ ಸಿಗಡಿ ಮರಿ ಹಿಡಿಯುತ್ತಾರೆ.

ಇದೆಲ್ಲ ಚಿತ್ರಕ್ಕೆ ಬಹಳ ಒದಗುತ್ತದೆ. ಅದೇ ಸಂಕಟ.

ಕೊರಿಯಾ ಮೂಲದ, ಪ್ಯಾರಿಸ್ಸಿನಲ್ಲಿ ನೆಲೆಸಿದ ಡೇಸಂಗ್ ಲೀ ಎಂಬ ಛಾಯಾಗ್ರಾಹಕ ಘೋಡಾಮಾರಾದ ಜನರನ್ನು ದಂಡೆಯಲ್ಲಿ ನಿಲ್ಲಿಸಿ ಒಂದು ಸರಣಿ ಮಾಡಿದ. ಪ್ರಶಸ್ತಿ ಬಂತು, ಚಿತ್ರಗಳು ಊರೂರು ಸುತ್ತಿದವು. ನೀರು ಕೊರೆದು ಕೊರೆದು ಬಿಟ್ಟ ಮಣ್ಣಿನ ಅಂಚು, ಅದರ ಮೇಲೆ ಒಂಟಿಯಾಗಿ ನಿಂತ ಒಬ್ಬ ಮನುಷ್ಯ, ಹಿಂದೆ ಬೂದು ಬಣ್ಣದ ನೀರು, ಬೂದು ಬಣ್ಣದ ಆಕಾಶ. ಒಳ್ಳೆಯ ಚಿತ್ರಗಳು, ಸುಳ್ಳು ಹೇಳಲಾರೆ. ನಿಂತವರ ಮುಖದಲ್ಲಿ ದೈನ್ಯ ಇಲ್ಲ, ಭಿಕ್ಷೆಗೆ ಚಾಚಿದ ಕೈ ಇಲ್ಲ. ಆ ಮಟ್ಟಿಗೆ ಆತ ಮರ್ಯಾದೆ ಕಾಪಾಡಿದ್ದಾನೆ. ಆತನ ದಾರಿ ಹಿಡಿದು ಬಂದವರೆಷ್ಟೋ ಜನ ಅದನ್ನೂ ಉಳಿಸಿಕೊಳ್ಳಲಿಲ್ಲ. ಅಳುವ ಮುದುಕಿ, ಬತ್ತಲೆ ಮಗು, ಬುಡ ಮೇಲಾದ ತೆಂಗಿನ ಮರ. ಘೋಡಾಮಾರಾ ಎಂದರೆ ಈಗ ಇಷ್ಟೇ ಎಂಬ ಹಾಗೆ ಆಗಿಬಿಟ್ಟಿದೆ.

ಒಳ್ಳೆಯ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ಒಂದು ಕಡೆ ಒಪ್ಪಂದ ಆದ ಹಾಗಿದೆ. ಎರಡರಲ್ಲೂ ಸಂತ್ರಸ್ತ ಇದ್ದಾನೆ, ನೀರಿದೆ, ಮೂರನೆಯವರು ಯಾರೂ ಇಲ್ಲ. ಮಣ್ಣು ತಾನಾಗಿ ಕುಸಿಯುತ್ತಿದೆ, ಕಡಲು ತಾನಾಗಿ ಏರುತ್ತಿದೆ, ಹಣೆಬರಹ ತಾನಾಗಿ ಕೆಟ್ಟಿದೆ. ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ, ಹೊಳೆಯ ಮೇಲ್ಗಡೆಗೆ ತಿರುಗಿಸಿದ್ದರೆ ಏನು ಕಾಣುತ್ತಿತ್ತು?

ಹಲ್ದಿಯಾ ಕಾಣುತ್ತಿತ್ತು. 1977ರಲ್ಲಿ ಶುರುವಾದ ಬಂದರು, ಎಣ್ಣೆ ಶುದ್ಧೀಕರಣ ಘಟಕ, ಪೆಟ್ರೋಕೆಮಿಕಲ್ ಕಾರ್ಖಾನೆ. ಕಲ್ಕತ್ತೆ ಬಂದರು ಹೂಳಿನಲ್ಲಿ ಹೂತುಹೋಗುತ್ತಿದೆ ಎಂದು 1975ರಲ್ಲಿ ಫರಕ್ಕಾದಲ್ಲಿ ಗಂಗೆಗೆ ಅಡ್ಡಗಟ್ಟೆ ಹಾಕಿ ಹೂಗ್ಲಿಗೆ ನೀರು ತಿರುಗಿಸಿದರು. ಅದೂ ಸಾಲದೆ ಹಲ್ದಿಯಾಕ್ಕೆ ದೊಡ್ಡ ಹಡಗು ಬರಲೆಂದು ಹೊಳೆಯ ನಡುವಿನ ನಯಾಚರ ದ್ವೀಪದ ಹತ್ತಿರ ನೀರಿನ ಹರಿವು ತಿದ್ದುವ ಗೋಡೆ ಕಟ್ಟಿದರು. ಒಂದು ಕಡೆ ತಡೆದ ನೀರು ಇನ್ನೊಂದು ಕಡೆ ನುಗ್ಗಬೇಕಲ್ಲ. ನುಗ್ಗಿದ್ದು ಘೋಡಾಮಾರಾದ ದಂಡೆಗೆ. ಆ ಗೋಡೆಯೇ ನಮ್ಮನ್ನು ತಿಂದದ್ದು ಎಂದು ದ್ವೀಪದವರು ದಶಕಗಳಿಂದ ಹೇಳಿಕೊಂಡು ಬಂದಿದ್ದಾರೆ. ಸಂಶೋಧಕರಲ್ಲೂ ಹಲವರು ಹೌದೆನ್ನುತ್ತಾರೆ. ನಯಾಚರ ಬೆಳೆಯಿತು, ಘೋಡಾಮಾರಾ ಸವೆಯಿತು. ಇದರ ಮೇಲೆ ಮುಖಜಭೂಮಿ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ, ಜೊತೆಗೆ ಜಗತ್ತಿನ ಕಡಲೆಲ್ಲ ಏರುತ್ತಿದೆ, ಕಾದ ಬಂಗಾಳ ಕೊಲ್ಲಿ ಚಂಡಮಾರುತಗಳಿಗೆ ಬಲ ತುಂಬುತ್ತಿದೆ. ಕೆಲವು ಅಧಿಕಾರಿಗಳಿಗೆ ಹವಾಮಾನ ಬದಲಾವಣೆ ಎಂಬ ಮಾತು ಎಷ್ಟು ಇಷ್ಟ ನೋಡಿ! ಮೊದಲೆಲ್ಲ ವಿಧಿ ಎನ್ನುತ್ತಿದ್ದ ಜಾಗದಲ್ಲಿ ಈಗ ಇದನ್ನು ಹಾಕಿಕೊಂಡರೆ ಗೋಡೆ ಕಟ್ಟಿದವರ ಹೆಸರು ಹೇಳುವುದು ತಪ್ಪುತ್ತದೆ. ಹವಾಮಾನ ಬದಲಾವಣೆ ದಿಟ, ಅದಕ್ಕೂ ಮಾಡಿದವರಿದ್ದಾರೆ, ಅವರಿಗೂ ವಿಳಾಸವಿದೆ.

ಹಲ್ದಿಯಾದ ದಕ್ಕೆಯಲ್ಲಿ ಏನು ಇಳಿಯುತ್ತದೆ? ಕಚ್ಚಾ ಎಣ್ಣೆ. ಕೋಕಿಂಗ್ ಕಲ್ಲಿದ್ದಲು. ನಮ್ಮ ದೇಶದ ಉಕ್ಕಿನ ಕುಲುಮೆಗಳಿಗೆ ಬೇಕಾದ ಆ ಕಲ್ಲಿದ್ದಲಿನ ದೊಡ್ಡ ಪಾಲು ಆಸ್ಟ್ರೇಲಿಯಾದ್ದು. ಪೂರ್ವದ ಕಾರ್ಖಾನೆಗಳಿಗೆ ಅದು ಒಳಬರುವ ಬಾಗಿಲುಗಳಲ್ಲಿ ಹಲ್ದಿಯಾ ಒಂದು. ಅಂದರೆ ಯಾವ ಸರಕು ಸುಟ್ಟು ಕಡಲು ಏರುತ್ತದೋ, ಅದೇ ಸರಕಿನ ಹಡಗಿಗೆ ದಾರಿ ಮಾಡಲು ದ್ವೀಪದ ದಂಡೆ ಕೊರೆದದ್ದು. ಒಂದೇ ಊರನ್ನು ಎರಡು ಸಲ ಮುಳುಗಿಸಿದರು. ನಮ್ಮ ತೋರಣಗಲ್ಲಿನ ಉಕ್ಕಿನ ಕುಲುಮೆಗೂ ಹಡಗಿನಲ್ಲಿ ಬಂದ ಕಲ್ಲಿದ್ದಲೇ ಬೇಕು, ಶಕ್ತಿನಗರದ ಚಿಮಣಿಯ ಹೊಗೆಗೂ ಗಡಿ ಗೊತ್ತಿಲ್ಲ. ಬಂಗಾಳದವರ ಪಾಪ ಎಂದು ಕೈ ತೊಳೆಯುವಂತಿಲ್ಲ ನಾವು.

ಈ ಹಡಗು, ಈ ಗೋಡೆ, ಈ ಚಿಮಣಿ ಯಾವ ಫೋಟೊದಲ್ಲೂ ಯಾಕೆ ಇಲ್ಲ? ಅವು ಕುರೂಪವೇ? ಪ್ರಾಯೋಜಕರಿಗೆ ಹಿಡಿಸುವುದಿಲ್ಲವೇ?

ಬೆಂಗಳೂರಿನಲ್ಲಿ ಇಂಥದೊಂದು ಪ್ರದರ್ಶನಕ್ಕೆ ಹೋಗಿದ್ದೆ. ತಣ್ಣನೆ ಎಸಿ, ಬಿಳಿ ಗೋಡೆ, ಮುಳುಗುವ ಊರುಗಳ ಚಿತ್ರ, ಪ್ರತಿ ಚಿತ್ರಕ್ಕೂ ಒಂದು ದೀಪ. ತಟ್ಟೆಯಲ್ಲಿ ಚೀಸು ತುಂಡು ಹಿಡಿದ ಹಿರಿಯರೊಬ್ಬರು ಸೊಂಟದ ಮಟ್ಟ ನೀರಲ್ಲಿ ನಿಂತ ಹೆಂಗಸಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಏನ್ ಬೆಳಕು ರೀ, ನೀರಿನ ಮೇಲೆ!" ಎಂದರು. ಆಕೆಯ ಹೆಸರೇನು ಎಂದು ಕೇಳಿದೆ. ಚೀಟಿಯಲ್ಲಿ ಛಾಯಾಗ್ರಾಹಕನ ಹೆಸರಿತ್ತು, ಕಾಗದದ ಜಾತಿ ಇತ್ತು, ಎಷ್ಟು ಪ್ರತಿ ತೆಗೆದಿದ್ದಾರೆ ಎಂಬ ಸಂಖ್ಯೆ ಇತ್ತು, ಬೆಲೆಗೆ ಕಚೇರಿಯನ್ನು ವಿಚಾರಿಸಿ ಎಂದಿತ್ತು. ಆಕೆಯ ಹೆಸರಿನ ಜಾಗದಲ್ಲಿ ದ್ವೀಪವಾಸಿ ಮಹಿಳೆ. ಬಾಗಿಲ ಬಳಿ ಪ್ರಾಯೋಜಕರ ಫಲಕ. ಅವರ ವ್ಯಾಪಾರ ಏನೆಂದು ಬಲ್ಲವರಿಗೆ ಆ ಫಲಕವೇ ಪ್ರದರ್ಶನದ ಅತಿ ನಿಜವಾದ ಕಲಾಕೃತಿ.

ದೊಡ್ಡ ಊರುಗಳಲ್ಲಿ ಇದೇ ಆಟ ದೊಡ್ಡದಾಗಿ ನಡೆಯುತ್ತದೆ. 2015ರ ವೆನಿಸ್ ಬಿನಾಲೆಯಲ್ಲಿ ತುವಾಲು ದೇಶದ ಮಂಟಪಕ್ಕೆ ತೈವಾನಿನ ಕಲಾವಿದ ವಿನ್ಸೆಂಟ್ ಹುವಾಂಗ್ ನೀರು ತುಂಬಿಸಿ, ನಡುವೆ ಕಾಲುಸೇತುವೆ ಹಾಕಿದ. ನಡೆದರೆ ಹಲಗೆ ಕುಗ್ಗಿ ನೀರಿಗೆ ತಾಗುತ್ತದೆ, ಪ್ರೇಕ್ಷಕನ ಬೂಟು ತೇವವಾಗುತ್ತದೆ. ಶ್ರೀಮಂತನ ಬೂಟು ಒದ್ದೆಯಾದರೆ ಜಗತ್ತಿಗೆ ಬುದ್ಧಿ ಬರುತ್ತದೆಂಬ ನಂಬಿಕೆ. ಅದೇ ವರ್ಷ ಓಲಾಫರ್ ಎಲಿಯಾಸನ್ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಗಳನ್ನು ತಂದು ಪ್ಯಾರಿಸ್ಸಿನ ಚೌಕದಲ್ಲಿ ಕರಗಲು ಬಿಟ್ಟ. ಜನ ಅವನ್ನು ಅಪ್ಪಿಕೊಂಡು ಫೋಟೊ ತೆಗೆಸಿಕೊಂಡರು. ಮಾಲ್ದೀವ್ಸ್ ಕತೆ ಇದಕ್ಕಿಂತ ಚೆಂದ. 2009ರಲ್ಲಿ ಅಧ್ಯಕ್ಷ ನಶೀದ್ ಕಡಲಡಿಯಲ್ಲಿ ಸಂಪುಟ ಸಭೆ ನಡೆಸಿ ಜಗತ್ತಿನ ಕಣ್ಣು ಸೆಳೆದರು. 2018ರಲ್ಲಿ ಅಲ್ಲಿನ ಐಷಾರಾಮಿ ರೆಸಾರ್ಟ್ ಒಂದು ಜೇಸನ್ ಡಿಕೇರ್ಸ್ ಟೇಲರ್ ಎಂಬ ಶಿಲ್ಪಿಯಿಂದ ನೀರಿನಲ್ಲಿ ಅರ್ಧ ಮುಳುಗಿದ ಮೂರ್ತಿಗಳ ಗ್ಯಾಲರಿ ಮಾಡಿಸಿತು. ವಿಮಾನದಲ್ಲಿ ಹಾರಿ ಬಂದ ಅತಿಥಿಗಳು ಈಜುತ್ತ ಹೋಗಿ ಕಡಲೇರಿಕೆಯನ್ನು ಸವಿಯಬೇಕು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿನ ಸರ್ಕಾರ ಇದು ಮೂರ್ತಿಪೂಜೆಗೆ ಎಡೆ ಮಾಡುತ್ತದೆ ಎಂದು ಪೊಲೀಸರನ್ನು ಕಳಿಸಿ ಮೂರ್ತಿಗಳನ್ನು ಒಡೆಸಿತು. ಒಡೆದದ್ದು ಖಂಡನೀಯ, ಕಟ್ಟಿದ್ದು ನಾಚಿಕೆಗೇಡು. ಮುಳುಗುವವರ ಹೆಸರಿನಲ್ಲಿ ಒಬ್ಬ ದುಡ್ಡು ಮಾಡಿದ, ಇನ್ನೊಬ್ಬ ಧರ್ಮ ಉಳಿಸಿದ.

ಕಲೆ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ಯಾರಾದರೂ ಓದಿಕೊಂಡರೆ ಅವರು ಇದನ್ನು ಓದಿಲ್ಲ. ಕೋಪ ಇರುವ ಕಲೆ ಬೇಕು.

ಮಾರ್ಷಲ್ ದ್ವೀಪಗಳ ಕವಿ ಕ್ಯಾಥಿ ಜೆಟ್ನಿಲ್ ಕಿಜಿನರ್ ಅವರನ್ನು ನೋಡಿ. 2014ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದಲ್ಲಿ ಆಕೆ ತನ್ನ ಹಸುಗೂಸಿಗೆ ಬರೆದ ಕವಿತೆ ಓದಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಷ್ಟಕ್ಕೇ ನಿಂತಿದ್ದರೆ ಆಕೆಯೂ ವೇದಿಕೆಯ ಹೂದಾನಿ ಆಗಿಬಿಡುತ್ತಿದ್ದರು. ನಿಲ್ಲಲಿಲ್ಲ. 1946ರಿಂದ 1958ರವರೆಗೆ ಅಮೆರಿಕ ಆ ದ್ವೀಪಗಳಲ್ಲಿ 67 ಅಣುಬಾಂಬು ಸಿಡಿಸಿತ್ತು. ಅದರ ವಿಷದ ಮಣ್ಣನ್ನು ಎನೆವೆಟಾಕ್ ಹವಳ ದ್ವೀಪದ ರುನಿಟ್‌ನಲ್ಲಿ, ಬಾಂಬಿನದೇ ಹೊಂಡವೊಂದಕ್ಕೆ ಸುರಿದು ಮೇಲೆ ಕಾಂಕ್ರೀಟ್ ಗುಮ್ಮಟ ಮುಚ್ಚಿತ್ತು. ಈಗ ಕಡಲು ಆ ಗುಮ್ಮಟದ ಬುಡಕ್ಕೆ ಬಂದಿದೆ. ಕ್ಯಾಥಿ 2018ರಲ್ಲಿ ಆ ಗುಮ್ಮಟದ ಮೇಲೇ ಹತ್ತಿ ನಿಂತು ಕವಿತೆ ಹೇಳಿ ಚಿತ್ರೀಕರಿಸಿದರು. ಸುಡುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು ಎಂಬುದು ಆ ಕವಿತೆಯ ತಿರುಳು. ಅದೇ ವರ್ಷ ಗ್ರೀನ್‌ಲ್ಯಾಂಡಿನ ಕವಿ ಅಕಾ ನಿವಿಯಾನಾ ಜೊತೆ ಕರಗುವ ಹಿಮದ ಮೇಲೆ ನಿಂತರು. ಒಬ್ಬಳ ಮನೆ ಕರಗಿ ಇನ್ನೊಬ್ಬಳ ಮನೆ ಮುಳುಗುವ ಲೆಕ್ಕವನ್ನು ಇಬ್ಬರು ಹೆಂಗಸರು ಮುಖಾಮುಖಿ ಮಾತಾಡಿಕೊಂಡರು. ನಡುವೆ ಗ್ಯಾಲರಿಯ ದಲ್ಲಾಳಿ ಇರಲಿಲ್ಲ. ಸೂತಕದ ಹಾಡು ಹಾಡಿ ಮುಗಿಸದೆ, ದೋಷಾರೋಪ ಪಟ್ಟಿ ಸಲ್ಲಿಸಿದ ಕಲೆ ಅದು.

ಬಂಗಾಳದಲ್ಲೂ ಅಂಥ ಕಲೆ ಇದೆ, ನಮ್ಮ ಕಣ್ಣಿಗೆ ಅದು ಕರಕುಶಲ ಮೇಳದ ಮಳಿಗೆಯಲ್ಲಿ ಮಾತ್ರ ಕಾಣುತ್ತದೆ. ಹೂಗ್ಲಿಯ ಆಚೆ ಬದಿ ಮೇದಿನೀಪುರ. ಸಾಗರ ದ್ವೀಪಕ್ಕೆ ಹೋಗಿ ನೆಲೆಸಿದವರಲ್ಲಿ ಬಹಳ ಮಂದಿಯ ಮೂಲ ಅದೇ. ಅಲ್ಲಿ ಪಿಂಗ್ಲಾ ಬಳಿ ನಯಾ ಎಂಬ ಹಳ್ಳಿಯಲ್ಲಿ ಸುರುಳಿ ಪಟ ಬರೆದು ಹಾಡುವ ಪಟುವರಿದ್ದಾರೆ. ಚಿತ್ರಕರ್ ಎಂಬುದೇ ಅವರ ಮನೆತನದ ಹೆಸರು. ನಮಾಜು ಮಾಡುತ್ತಾರೆ, ಮನಸಾ ದೇವಿಯ ಕತೆ ಬರೆಯುತ್ತಾರೆ. ಧರ್ಮದ ಗುತ್ತಿಗೆದಾರರಿಗೆ ತಲೆನೋವು ತರುವ ಜನ. ಅದಕ್ಕೇ ನನಗೆ ಇಷ್ಟ. ಶಂಖಪುಷ್ಪದಿಂದ ನೀಲಿ, ಅರಿಸಿನದಿಂದ ಹಳದಿ, ದೀಪದ ಮಸಿಯಿಂದ ಕಪ್ಪು. ಬಿಲ್ವದ ಕಾಯಿಯ ಅಂಟು ಬೆರೆಸಿ ತೆಂಗಿನ ಚಿಪ್ಪಿನಲ್ಲಿ ಕಲಸುತ್ತಾರೆ. ಕಾಗದದ ಹಾಳೆ ಹೊಲಿದು ಉದ್ದ ಮಾಡಿ, ಹರಿಯದಿರಲೆಂದು ಬೆನ್ನಿಗೆ ಹಳೇ ಸೀರೆ ಅಂಟಿಸುತ್ತಾರೆ. ಸುರುಳಿ ಬಿಚ್ಚುತ್ತ ಪಟುವ ಹಾಡುತ್ತಾನೆ. ಹಾಡುವಾಗ ಅವನ ತೋರುಬೆರಳು ಸುಮ್ಮನಿರುವುದಿಲ್ಲ. ಇವಳು ನೊಂದವಳು, ಇವನು ನೋಯಿಸಿದವನು, ಇಗೋ ಇಲ್ಲಿ ರಾಜ ಕೂತಿದ್ದಾನೆ. ಒಂದೊಂದು ಚೌಕದಲ್ಲೂ ಬೆರಳು ಒಬ್ಬೊಬ್ಬರ ಮೇಲೆ ನಿಲ್ಲುತ್ತದೆ. ಹಾಡಿನ ಕೊನೆಗೆ ಹಾಡಿದವರ ಹೆಸರು, ಊರು. ನಮ್ಮ ವಚನಕಾರರಾದರೂ ದೇವರ ಹೆಸರಿನಲ್ಲಿ ಅಂಕಿತ ಹಾಕಿದರು, ಪಟುವರು ತಮ್ಮದೇ ಹೆಸರು ಹಾಡಿ ಮುಗಿಸುತ್ತಾರೆ.

ಇದು ಪುರಾಣದ ಕಲೆ ಎಂದು ಮೂಗು ಮುರಿಯುವವರಿಗೆ ಹೇಳುತ್ತೇನೆ: ಏಡ್ಸ್ ಬಗ್ಗೆ ಪಟ ಮಾಡಿದ್ದಾರೆ, ವರದಕ್ಷಿಣೆ ಬಗ್ಗೆ ಮಾಡಿದ್ದಾರೆ, 2004ರ ಸುನಾಮಿಯ ಬಗ್ಗೆ ಮಾಡಿದ್ದಾರೆ. ಜಯದೇವ ಮತ್ತು ಮೊಯ್ನಾ ಚಿತ್ರಕರ್ ಅವರ ಸುನಾಮಿ ಪಟವನ್ನು ಚೆನ್ನೈನ ತಾರಾ ಬುಕ್ಸ್ ಕೈಕಾಗದದ ಸುರುಳಿಪುಸ್ತಕವಾಗಿಯೇ ಅಚ್ಚು ಮಾಡಿತು. ಪಟುವರ ಸುನಾಮಿಗೆ ರಾಕ್ಷಸ ಮುಖ. ಭೂಮಿ ನಡುಗಿ ಎದ್ದ ಅಲೆಗೆ ಆ ಮುಖ ಒಪ್ಪುತ್ತದೆ, ಅದನ್ನು ಎಬ್ಬಿಸಿದ ಮನುಷ್ಯರಿಲ್ಲ. ಘೋಡಾಮಾರಾದ ಅಲೆಗೆ ಯಾರ ಮುಖ ಬರೆಯುತ್ತೀರಿ? ಪಟುವ ಮಿತ್ರರೇ, ಇಲ್ಲಿ ರಾಕ್ಷಸನ ಮೇಲೆ ಹಾಕಿ ಜಾರಿಕೊಳ್ಳಬೇಡಿ. ಟೈ ಕಟ್ಟಿದ ಮುಖ ಬರೆಯಿರಿ, ಖಾದಿ ತೊಟ್ಟ ಮುಖ ಬರೆಯಿರಿ. ಎನ್‌ಜಿಒದವರು ಜಾಗೃತಿ ಪಟ ಬರೆಸಿ ದಿನಗೂಲಿ ಕೊಟ್ಟಾರು, ಆದರೆ ಜಾಗೃತಿಯ ಹೆಸರಿನಲ್ಲಿ ನಿಮ್ಮ ಬೆರಳು ಮಡಚಿಸುತ್ತಾರೆ. ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ ಎಂದು ಮುಳುಗುವವನಿಗೇ ಉಪದೇಶ ಮಾಡುವ ಹಾಡು ಬರೆಸುತ್ತಾರೆ.

ಕಾದಂಬರಿಕಾರರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮಿತಾವ್ ಘೋಷ್ ಸುಂದರಬನವನ್ನು ಬಹಳ ಮಂದಿಯ ಕಣ್ಣಿಗೆ ತಂದರು, ಮರಿಚ್‌ಝಾಂಪಿಯನ್ನು 2004ರಲ್ಲಿ ಕಾದಂಬರಿಯೊಳಗೆ ತಂದರು, ಅದಕ್ಕೆ ನಮಸ್ಕಾರ. ಮರಿಚ್‌ಝಾಂಪಿ ಗೊತ್ತಿಲ್ಲದವರಿಗೆ: ಪೂರ್ವ ಬಂಗಾಳದಿಂದ ಬಂದ ದಲಿತ ನಿರಾಶ್ರಿತರನ್ನು ದಂಡಕಾರಣ್ಯಕ್ಕೆ ಅಟ್ಟಿದರು. ಅಲ್ಲಿ ಬದುಕಲಾಗದೆ ಅವರು ಸುಂದರಬನದ ಈ ದ್ವೀಪಕ್ಕೆ ಬಂದು, ಒಡ್ಡು ಕಟ್ಟಿ, ಶಾಲೆ ಕಟ್ಟಿ ನೆಲೆಸಿದರು. ಇದು ಮೀಸಲು ಅರಣ್ಯ ಎಂದು 1979ರಲ್ಲಿ ಎಡರಂಗ ಸರ್ಕಾರ ಅನ್ನ ನೀರು ತಡೆದು, ಗುಂಡು ಹಾರಿಸಿ, ಗುಡಿಸಲು ಸುಟ್ಟು ಓಡಿಸಿತು. ಕೆಂಪು ಬಾವುಟದ ಸರ್ಕಾರ! ದ್ವೀಪದ ನೆಲದಲ್ಲಿ ದಲಿತನಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆಗೆ ಅಂದೇ ಉತ್ತರ ಕೊಟ್ಟಾಗಿತ್ತು, ಕಡಲು ಆಮೇಲೆ ಅದಕ್ಕೆ ರುಜು ಹಾಕಿತು. ಅದೇ ಪೂರ್ವ ಬಂಗಾಳದ ನಿರಾಶ್ರಿತರಲ್ಲಿ ಕೆಲವರನ್ನು ನಮ್ಮ ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಗೊಳಿಸಿದರು. ಹತ್ತಿರದಲ್ಲೇ ಇದ್ದಾರೆ, ಮಾತಾಡಿಸಿ ನೋಡಿ, ದ್ವೀಪದ ಚಿತ್ರ ನೋಡಲು ಗ್ಯಾಲರಿಗೇ ಹೋಗಬೇಕಿಲ್ಲ.

ಇನ್ನು ಬೆಂಗಳೂರಿಗೆ ರೈಲು ಹತ್ತಿದವನ ಗತಿ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳು ಎಂಬ ಗುಲ್ಲೆಬ್ಬಿಸಿ ಕೂಲಿಕಾರರ ಶೆಡ್ಡುಗಳ ಮೇಲೆ ಜೆಸಿಬಿ ಹರಿಸಿದರು. ಅಲ್ಲಿದ್ದವರಲ್ಲಿ ಬಂಗಾಳ, ಅಸ್ಸಾಮಿನವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು, ಅದು ಬೇರೆ ಮಾತು. ಊರು ನೀರಿಗೆ ಹೋದವನು ಕೆಲಸ ಹುಡುಕಿ ಬಂದರೆ ಇಲ್ಲಿ ಆಧಾರ್ ತೋರಿಸು, ಬಂಗಾಳಿಯಲ್ಲಿ ಮಾತಾಡಬೇಡ. ಅವನದೇ ಫೋಟೊ ಚೌಕಟ್ಟು ಹಾಕಿಸಿಕೊಂಡು ಬಂದರೆ ನಡುಮನೆಯಲ್ಲಿ ಜಾಗ. ಕಾಗದದ ಮೇಲಿನ ದ್ವೀಪವಾಸಿಗೆ ಇರುವ ಬೆಲೆ ಮೈಯಿರುವ ದ್ವೀಪವಾಸಿಗೆ ಇಲ್ಲ.

ಹೊರದೇಶದಲ್ಲೇನು ಬೇರೆ ಅಲ್ಲ. ಮುಳುಗುವ ತುವಾಲುವಿನವರಿಗೆ ಆಸ್ಟ್ರೇಲಿಯಾ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 280 ಜನರಿಗೆ ವೀಸಾ ಕೊಡುತ್ತದೆ, ಲಾಟರಿ ಎತ್ತಿ. ಇಡೀ ದೇಶದ ಜನ ಸುಮಾರು 11,000. ಹಲ್ದಿಯಾಕ್ಕೆ ಕಲ್ಲಿದ್ದಲು ಕಳಿಸುವುದನ್ನು ನಿಲ್ಲಿಸಿದ್ದಾರೆಯೇ ಎಂದು ಕೇಳಬೇಡಿ, ದಾನಿಯನ್ನು ಅಂಥ ಮಾತು ಕೇಳಬಾರದು. ನಮ್ಮಲ್ಲಿ ಲಾಟರಿಯೂ ಇಲ್ಲ. ಕೊರೆತಕ್ಕೆ ಮನೆ ಕಳೆದುಕೊಂಡವರ ಪುನರ್ವಸತಿಗೆ 15ನೇ ಹಣಕಾಸು ಆಯೋಗ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು, ಕೊರೆತ ತಡೆಯಲು 1,500 ಕೋಟಿ. ಇಡೀ ದೇಶಕ್ಕೆ, 2021ರಿಂದ ಐದು ವರ್ಷಕ್ಕೆ. ನಾನು ಕಂಡ ಹವಾಮಾನ ಕಲೆಯ ಪ್ರದರ್ಶನಗಳಲ್ಲಿ ಈ ಶಿಫಾರಸಿನ ಕಡತದ ಚಿತ್ರ ಎಲ್ಲೂ ಇರಲಿಲ್ಲ. ದ್ವೀಪದವರ ಟ್ರಂಕಿನ ತಳದಲ್ಲಿ ಪರ್ಚಾ ಇರುತ್ತದೆ, ನಮ್ಮ ಪಹಣಿಯಂಥದು: ದಾಗ್ ನಂಬರು, ಅಳತೆ, ತಾತನ ಹೆಸರು. ಆ ನಂಬರಿನ ನೆಲದ ಮೇಲೆ ಈಗ ಹಲ್ದಿಯಾಕ್ಕೆ ಹಡಗು ಹೋಗುವ ಹೊಳೆ ಹರಿಯುತ್ತಿದೆ. ಅದನ್ನು ಗೋಡೆಗೆ ತೂಗುಹಾಕಿ. ಪಕ್ಕದಲ್ಲಿ ಹೂಳೆತ್ತಿದ ಬಿಲ್ಲು ತೂಗುಹಾಕಿ. ಬೆಳಕು ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ.

ನನ್ನ ಕೈಯಲ್ಲಿ ಕುಂಚ ನಿಲ್ಲುವುದಿಲ್ಲ. ನಿಲ್ಲುತ್ತಿದ್ದರೆ ಘೋಡಾಮಾರಾದ ಪಟವನ್ನು ನೀರಿನಿಂದ ಶುರು ಮಾಡುತ್ತಿರಲಿಲ್ಲ. ಮೊದಲ ಚೌಕದಲ್ಲಿ ಆಸ್ಟ್ರೇಲಿಯಾದ ಕಲ್ಲಿದ್ದಲ ಗಣಿ. ಎರಡರಲ್ಲಿ ಹಡಗು. ಮೂರರಲ್ಲಿ ನಯಾಚರದ ಗೋಡೆ, ಅದರ ಮೇಲೆ ನಿಂತು ರಿಬ್ಬನ್ ಕತ್ತರಿಸುವವರು. ನಾಲ್ಕರಲ್ಲಿ ಹಳದಿಗೆ ತಿರುಗಿದ ವೀಳ್ಯದೆಲೆ. ಐದರಲ್ಲಿ ಮುಳುಗಿದ ಮನೆಯೊಡತಿ ಒಂದು ಕೈಯಲ್ಲಿ ಪರ್ಚಾ ಹಿಡಿದು, ಇನ್ನೊಂದು ಕೈಯಲ್ಲಿ ಎದುರಿಗೆ ನಿಂತ ಫೋಟೊದವನ ಹೆಸರು ಬರೆದುಕೊಳ್ಳುತ್ತಿದ್ದಾಳೆ. ಆರರಲ್ಲಿ ಕರಿಯಮ್ಮನ ಅಗ್ರಹಾರದ ಜೆಸಿಬಿ. ಹಾಡಿಗೆ ಸಾಲು ಕಟ್ಟಬಲ್ಲವರು ನಯಾದಲ್ಲಿದ್ದಾರೆ, ಬೆರಳೂ ಅವರದೇ ಇರಲಿ. ಯಾವುದಾದರೂ ಮೇಳದಲ್ಲಿ ನೆಲದ ಮೇಲೆ ಪಟ ಹಾಸಿಕೊಂಡು ಕೂತ ಪಟುವ ಹೆಂಗಸು ನಿಮಗೆ ಇಂಥದನ್ನು ಬಿಚ್ಚಿ ಹಾಡಿ ತೋರಿಸಿದರೆ, ಮಹಾಶಯರೇ, ಪೂರ್ತಿ ಕೇಳಿ. ಕೇಳಿದ ಮೇಲೆ, ಆಕೆ ಹೇಳಿದಷ್ಟು ಕೊಟ್ಟು ಕೊಳ್ಳಿ. ಚೌಕಾಸಿ ಮಾಡಬೇಡಿ.